ಆ ಕಡೆ ಏನೈತೆ?

ಹೋದ ಮೇ ತಿಂಗಳ ಒಂದು ಭಾನುವಾರ ನನ್ನ ತಮ್ಮನ ಎಡಗೈ ಹೋಗೋದು ಸ್ವಲ್ಪದರಲ್ಲಿ ತಪ್ಪಿತು. ಮೆಷಿನ್ ಹಿಡಿದಿದ್ದವಳು ನಾನೇ. ಇದನ್ನ ಬರೆಯೋದೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ಆದರೆ ಕಳೆದ ಎರಡು ತಿಂಗಳಲ್ಲಿ ಆಫೀಸಿನ ಮೂವರು ಇದೇ ಮೆಷಿನ್ ತಗೊಳ್ಳೋ ಬಗ್ಗೆ ನನ್ನನ್ನ ಕೇಳಿದ್ರು. ಹಾಗಾಗಿ ಬರೀತಿದ್ದೀನಿ.

ನಮ್ಮೂರು ಕನಕಪುರದ ಕಡೆ. ವಾರವೆಲ್ಲ ಬೆಂಗಳೂರು, ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಊರು. ಹಿಂದಿನ ರಾತ್ರಿ ಬೀಸಿದ ಗಾಳಿ ಮಳೆಗೆ ಮನೆ ಹಿಂದಿನ ಮಾವಿನ ಮರದ ಒಂದು ಕೊಂಬೆ ಬುಡದಲ್ಲೇ ಸೀಳಿ, ಹುಳುಮನೆಯ ಹೆಂಚಿನ ಮೇಲೆ ಒರಗಿಕೊಂಡಿತ್ತು. ಒಳಗೆ ರೇಷ್ಮೆ ಹುಳು ನಾಲ್ಕನೇ ಜ್ವರ ಏಳೋ ಹೊತ್ತು. ಸೂರು ಸೋರಿದರೆ ಇಡೀ ಬೆಳೆ ಹೋಯ್ತು ಅಂತಲೇ ಲೆಕ್ಕ. ಮರ ಕುಯ್ಯೋರಿಗೆ ಫೋನ್ ಮಾಡಿದರೆ ಸುತ್ತಮುತ್ತ ಎಲ್ಲ ಕಡೆ ಕೊಂಬೆ ಬಿದ್ದಿದೆ, ನಾಳೆ ಸಂಜೆಗೆ ಬರ್ತೀವಿ ಅಂದ್ರು.

ನನ್ನ ಹತ್ತಿರ ಹೊಸ ಮೆಷಿನ್ ಇತ್ತು. ಆನ್‌ಲೈನ್ ಸೇಲ್‌ನಲ್ಲಿ ತಗೊಂಡಿದ್ದು, ಬ್ಯಾಟರಿಯದ್ದು. ನಾಲ್ಕು ವಿಡಿಯೊ ನೋಡಿದ್ದೆ. "ನಾನೇ ಕುಯ್ತೀನಿ ಬಿಡಪ್ಪ" ಅಂದೆ.

ಎಗರಾಡಿದ ಮೆಷಿನ್

ಕೊಂಬೆ ದಪ್ಪ ಸುಮಾರು 5 ಇಂಚು. ಪೆಟ್ಟಿಗೆಯಲ್ಲಿದ್ದ ಬ್ಲೇಡುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು, 12 ಇಂಚಿನದ್ದು, ಹಾಕಿದೆ. ದೊಡ್ಡ ಬ್ಲೇಡ್ ಅಂದ್ರೆ ಬೇಗ ಕೆಲಸ ಅನ್ನೋ ಲೆಕ್ಕ. ಕೊಂಬೆ ಜಾರಿ ಹೆಂಚು ಒಡೀಬಾರದು ಅಂತ ತಮ್ಮ ಆ ಬದಿಯಲ್ಲಿ, ಗೋಡೆಗೂ ಕೊಂಬೆಗೂ ನಡುವೆ ಕೈ ತೂರಿಸಿ ಹಿಡಿದುಕೊಂಡ.

ಟ್ರಿಗರ್ ಒತ್ತಿದೆ. ಕೊಂಬೆಯೆಲ್ಲ ಗಡಗಡ ನಡುಗೋಕೆ ಶುರುವಾಯ್ತು, ಮೆಷಿನ್ ನನ್ನ ಕೈಯಲ್ಲಿ ಎಗರಾಡ್ತಿತ್ತು, ಕೊಯ್ಯೋದು ಮಾತ್ರ ಇಲ್ಲ. ಸಿಟ್ಟು ಬಂದು ಮುಂದಕ್ಕೆ ಜೋರಾಗಿ ಒತ್ತಿದೆ. ಡಬ್ ಅಂತ ಒಂದು ಸದ್ದು. ಮೆಷಿನ್ ವಾಪಸ್ ನನ್ನ ಹೊಟ್ಟೆಗೇ ಗುದ್ದಿತು. ಬ್ಲೇಡಿನ ತುದಿ ಆ ಕಡೆ ಕಲ್ಲುಗೋಡೆಗೆ ಹೊಡೆದು ಹಾವಿನ ಥರ ಸೊಟ್ಟಗಾಗಿತ್ತು. ತಮ್ಮನ ಕೈ ಇದ್ದದ್ದು ಅಲ್ಲಿಂದ ನಾಲ್ಕು ಬೆರಳು ಪಕ್ಕದಲ್ಲಿ.

ಯಾರಿಗೂ ಏನೂ ಆಗಲಿಲ್ಲ. ತಮ್ಮ ಮಾತಾಡದೆ ಕೈ ಈಚೆ ತಗೊಂಡ. ಅಪ್ಪ ಬಂದು ಬ್ಯಾಟರಿ ಕಿತ್ತು ಕಟ್ಟೆ ಮೇಲಿಟ್ಟು ಒಂದೇ ಮಾತು ಕೇಳಿದ್ರು.

"ಆ ಕಡೆ ಏನೈತೆ ಅಂತ ನೋಡಿದ್ಯೇನವ್ವ?"

ನೋಡಿರಲಿಲ್ಲ. ಈ ಮೆಷಿನ್ ಬಗ್ಗೆ ನಾನು ಆಮೇಲೆ ಕಲಿತದ್ದೆಲ್ಲ ಹೆಚ್ಚು ಕಡಿಮೆ ಆ ಒಂದು ಪ್ರಶ್ನೆಯ ಒಳಗೇ ಇದೆ.

ಇದು ಏನು ಮೆಷಿನ್?

ಪೂರ್ತಿ ಹೆಸರು ರೆಸಿಪ್ರೊಕೇಟಿಂಗ್ ಸಾ. ಹಿಂದೆ ಮುಂದೆ ಓಡೋ ಗರಗಸ, ಅಷ್ಟೇ. 1951ರಲ್ಲಿ ಅಮೆರಿಕದ ಮಿಲ್ವಾಕಿ ಕಂಪನಿ ಇದನ್ನ 'ಸಾಜಾಲ್' ಅನ್ನೋ ಹೆಸರಲ್ಲಿ ತಂತು. ನಾವು ಫೋಟೊಕಾಪಿಗೆ ಜೆರಾಕ್ಸ್ ಅಂದ ಹಾಗೆ, ಅಲ್ಲಿ ಈಗಲೂ ಯಾವ ಕಂಪನಿಯದಾದರೂ ಬಹಳ ಜನ ಸಾಜಾಲ್ ಅಂತಲೇ ಕರೀತಾರೆ.

ಕೈ ಡ್ರಿಲ್ಲಿಗಿಂತ ಉದ್ದ, ಎರಡು ಕೈಯಲ್ಲಿ ಹಿಡಿಯೋದು. ಮುಂದೆ ಒಂದು ಚಪ್ಪಟೆ ಬ್ಲೇಡ್. ಅದು ಒಂದು ಸಲಕ್ಕೆ ಒಂದು ಇಂಚು, ಒಂದೂಕಾಲು ಇಂಚಿನಷ್ಟು ಹಿಂದೆ ಮುಂದೆ ಹೋಗತ್ತೆ, ನಿಮಿಷಕ್ಕೆ ಸುಮಾರು 3,000 ಸಲದವರೆಗೂ. ಬ್ಲೇಡ್ ಬದಲಾಯಿಸಿದರೆ ಮರ, ಮೊಳೆ, ಕಬ್ಬಿಣದ ಪೈಪು, ಪಿವಿಸಿ ಎಲ್ಲಾನೂ ಕೊಯ್ಯತ್ತೆ. ಆದರೆ ನಾಜೂಕು ಕೆಲಸದ್ದಲ್ಲ. ಕೊಯ್ದ ಜಾಗ ಒರಟೊರಟು. ಒಡೆಯೋದಕ್ಕೆ, ಬಿಚ್ಚೋದಕ್ಕೆ, ಕೊಂಬೆ ತೆಗೆಯೋದಕ್ಕೆ ಇದು. ಮೇಜು ಕುರ್ಚಿ ಮಾಡೋಕಲ್ಲ.

ಬ್ಲೇಡ್ ಹೊರಗೆ ಬರೋ ಜಾಗದಲ್ಲಿ ಒಂದು ಲೋಹದ ತಟ್ಟೆ ಇರತ್ತೆ. ಅದಕ್ಕೆ 'ಶೂ' ಅಂತಾರೆ. ನಾನು ಅದನ್ನ ಅಲಂಕಾರ ಅಂದುಕೊಂಡಿದ್ದೆ. ಆ ದಿನ ಶೂಗೂ ಕೊಂಬೆಗೂ ನಡುವೆ ಎರಡು ಇಂಚು ಜಾಗ ಇತ್ತು. ಎಲ್ಲಾ ತೊಂದರೆ ಶುರುವಾಗಿದ್ದು ಅಲ್ಲಿಂದ.

ಯಾಕೆ ಅಂದ್ರೆ, ಬಹುತೇಕ ಬ್ಲೇಡುಗಳ ಹಲ್ಲು ಮೆಷಿನ್ ಕಡೆಗೆ ಬಾಗಿರತ್ತೆ. ತಳ್ಳುವಾಗ ಅಲ್ಲ, ಎಳೆಯುವಾಗ ಕೊಯ್ಯತ್ತೆ. ಎಳೆದಾಗ ಮರವೂ ಜೊತೆಗೆ ನಮ್ಮ ಕಡೆ ಬರೋಕೆ ನೋಡತ್ತೆ. ಶೂ ಮರಕ್ಕೆ ಗಟ್ಟಿಯಾಗಿ ತಾಗಿದ್ದರೆ ಮರಕ್ಕೆ ಅಲ್ಲಿ ಆಸರೆ ಸಿಗತ್ತೆ, ಬ್ಲೇಡ್ ಮಾತ್ರ ಓಡತ್ತೆ. ಶೂ ದೂರ ಇದ್ದರೆ ಬ್ಲೇಡ್ ನಿಂತಲ್ಲೇ ನಿಂತು ಕೊಂಬೆ, ಮೆಷಿನ್, ನಾವು ಎಲ್ಲ ಸೇರಿ ಕುಣೀತೀವಿ. ಆಮೇಲೆ ಸಿಟ್ಟಲ್ಲಿ ಒತ್ತುತೀವಿ. ಏಟು ಬೀಳೋದು ಆಗಲೇ.

ರಾಮನಗರದ ಅಂಗಡಿಯ ಪ್ರಶ್ನೆ

ಸೊಟ್ಟಗಾದ ಬ್ಲೇಡ್ ಹಿಡ್ಕೊಂಡು ಮಧ್ಯಾಹ್ನ ರಾಮನಗರಕ್ಕೆ ಹೋದೆ. ಹಳೇ ಮೈಸೂರು ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಯವರು ಅದನ್ನ ತಿರುಗಿಸಿ ನೋಡಿ ನಕ್ಕು, ಎರಡು ಪ್ರಶ್ನೆ ಕೇಳಿದ್ರು. "ಏನು ಕುಯ್ತೀರಾ? ಎಷ್ಟು ದಪ್ಪ?" ಬ್ಲೇಡ್ ಕೊಳ್ಳುವಾಗ ನೀವೂ ಇದೇ ಎರಡಕ್ಕೆ ಉತ್ತರ ಇಟ್ಟುಕೊಂಡು ಹೋಗಿ.

ಮೊದಲನೆಯದು ಹಲ್ಲಿನ ಲೆಕ್ಕ. ಬ್ಲೇಡ್ ಮೇಲೆ ಟಿಪಿಐ ಅಂತ ಬರೆದಿರತ್ತೆ, ಒಂದು ಇಂಚಿಗೆ ಎಷ್ಟು ಹಲ್ಲು ಅಂತ. ಹಸಿ ಮರಕ್ಕೆ 3ರಿಂದ 6. ಮೊಳೆ ಇರೋ ಹಳೇ ಮರಕ್ಕೆ 6ರಿಂದ 10. ದಪ್ಪ ಕಬ್ಬಿಣಕ್ಕೆ 10ರಿಂದ 14. ತೆಳು ಪೈಪು, ತಗಡಿಗೆ 18ರಿಂದ 24. ಯಾವಾಗಲೂ ಕನಿಷ್ಠ ಮೂರು ಹಲ್ಲು ವಸ್ತುವಿನ ದಪ್ಪದೊಳಗೆ ಇರಬೇಕು. ತೆಳು ಪೈಪಿಗೆ ದೊಡ್ಡ ಹಲ್ಲಿನ ಬ್ಲೇಡ್ ಹಾಕಿದರೆ ಹಲ್ಲು ಸಿಕ್ಕಿಕೊಂಡು ಕಿತ್ತು ಬರತ್ತೆ.

ಎರಡನೆಯದು ಉದ್ದ. ಬ್ಲೇಡಿನ ತುದಿ ಹಿಂದಕ್ಕೆ ಬಂದಾಗಲೂ ಮರದ ಆ ಕಡೆ ಸ್ವಲ್ಪ ಹೊರಗೇ ಇರಬೇಕು. ಚಿಕ್ಕದಾದರೆ ತುದಿ ಮರದೊಳಗೇ ಗುದ್ದಿಕೊಂಡು ಬ್ಲೇಡ್ ಬಾಗತ್ತೆ. ಉದ್ದವಾದರೆ ನನ್ನ ಕಥೆ. ಬ್ಲೇಡಿನ ಬುಡದ ಒಂದೆರಡು ಇಂಚು ಮೆಷಿನ್ ಮತ್ತು ಶೂ ಒಳಗೆ ಹೋಗತ್ತೆ ಅನ್ನೋದನ್ನೂ ಸೇರಿಸಿ ನೋಡಿದರೆ, 5 ಇಂಚಿನ ಕೊಂಬೆಗೆ 9 ಇಂಚಿನ ಬ್ಲೇಡ್ ಸಾಕಾಗಿತ್ತು.

ಇನ್ನೊಂದು ಮಾತು, 'ಬೈಮೆಟಲ್' ಅಂತ ಬರೆದಿರೋದನ್ನ ತಗೊಳ್ಳಿ. ಬೆನ್ನು ಬಾಗೋ ಉಕ್ಕಿನದು, ಹಲ್ಲು ಗಟ್ಟಿ ಉಕ್ಕಿನದು. ಸ್ವಲ್ಪ ಬೆಲೆ ಜಾಸ್ತಿ, ಆದರೆ ಮೊಳೆ ಸಿಕ್ಕರೂ ಬೇಗ ಸಾಯಲ್ಲ.

ಅಪ್ಪ ಕೊಂಬೆ ಓದಿದ ರೀತಿ

ಸಂಜೆ ನಾಲ್ಕಕ್ಕೆ ಮತ್ತೆ ನಿಂತೆವು. ಈ ಸಲ ಅಪ್ಪ ಮೊದಲು ಮರದ ಸುತ್ತ ಒಂದು ಸುತ್ತು ಬಂದ್ರು. ಕೈ ಗರಗಸದ ಕಾಲದಿಂದಲೂ ಅವರದು ಇದೇ ಪದ್ಧತಿ. ಚಿಕ್ಕವಳಿದ್ದಾಗ ಪ್ರದಕ್ಷಿಣೆ ಹಾಕ್ತಿದ್ದಾರೆ ಅಂತ ನಗ್ತಿದ್ದೆ.

ಕೊಂಬೆಯ ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಸೂರಿಗೆ. ನಡುವೆ ಜೋತುಬಿದ್ದಿದೆ. ಹೀಗಿದ್ದಾಗ ಮೇಲ್ಭಾಗ ಒತ್ತಿಕೊಂಡಿರತ್ತೆ, ಕೆಳಭಾಗ ಎಳೆದುಕೊಂಡಿರತ್ತೆ. ಮೇಲಿಂದಲೇ ಪೂರ್ತಿ ಕೊಯ್ದರೆ ಸೀಳು ಬಾಯಿ ಮುಚ್ಚಿಕೊಂಡು ಬ್ಲೇಡನ್ನ ಕಚ್ಚತ್ತೆ. ಆದ್ದರಿಂದ ಮೇಲಿಂದ ಮೂರನೇ ಒಂದು ಭಾಗ, ಆಮೇಲೆ ಉಳಿದದ್ದು ಕೆಳಗಿಂದ. ಕೊಂಬೆ ಗಾಳಿಯಲ್ಲಿ ಚಾಚಿಕೊಂಡಿದ್ದರೆ ಲೆಕ್ಕ ಉಲ್ಟಾ. ಮೊದಲು ಕೆಳಗಿಂದ ಸ್ವಲ್ಪ ಕೊಯ್ದು, ಆ ಗುರುತಿನಿಂದ ಒಂಚೂರು ಆಚೆಗೆ ಮೇಲಿಂದ ಕೊಯ್ಯಬೇಕು. ಇಲ್ಲದಿದ್ದರೆ ಕೊಂಬೆ ಮುರಿಯುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗತ್ತೆ.

ಮೊದಲು ತುದಿಯ ಸಣ್ಣ ರೆಂಬೆಗಳನ್ನೆಲ್ಲ ಮಚ್ಚಲ್ಲಿ ಸವರಿ ಭಾರ ಇಳಿಸಿದೆವು. ಕೊಂಬೆಗೆ ಹಗ್ಗ ಕಟ್ಟಿ, ಮೇಲಿನ ಗಟ್ಟಿ ಕೊಂಬೆಯ ಮೇಲಿಂದ ಬಿಟ್ಟು, ತಮ್ಮ ದೂರ ನಿಂತು ಹಗ್ಗ ಹಿಡಿದ. ಈ ಸಲ ಆ ಕಡೆ ಯಾರ ಕೈಯೂ ಇರಲಿಲ್ಲ. ಏಣಿ ಬೇಡ ಅಂದ್ರು ಅಪ್ಪ, ನೆಲದ ಮೇಲೆ ನಿಂತು ಭುಜದ ಕೆಳಗೆ ಸಿಗೋ ಜಾಗದಲ್ಲೇ ಕೊಯ್ಯಿ ಅಂದ್ರು. ಏಣಿ ಮೇಲೆ ನಿಂತು ಎರಡೂ ಕೈಯಲ್ಲಿ ನಡುಗೋ ಮೆಷಿನ್ ಹಿಡಿದರೆ, ಏಣಿ ಹಿಡಿಯೋಕೆ ಕೈ ಎಲ್ಲಿರತ್ತೆ?

ಶೂ ಮರಕ್ಕೆ ತಾಗಿಸಿದೆ, ಬ್ಲೇಡ್ ಇನ್ನೂ ತಾಗಿಲ್ಲ. ಟ್ರಿಗರ್ ಮೆಲ್ಲಗೆ ಒತ್ತಿ, ಬ್ಲೇಡ್ ಓಡೋಕೆ ಶುರುವಾದ ಮೇಲೆ ಮರಕ್ಕೆ ಇಳಿಸಿದೆ. ಸೀಳು ಬಿದ್ದ ಮೇಲೆ ವೇಗ ಜಾಸ್ತಿ ಮಾಡಿದೆ. ಒತ್ತಲಿಲ್ಲ, ಮೆಷಿನ್ನಿನ ಭಾರವೇ ಸಾಕಾಯ್ತು. ಕೆಳಗಿಂದ ಕೊಯ್ಯುವಾಗ ಮಾತ್ರ ಸ್ವಲ್ಪ ಎತ್ತಿ ಹಿಡಿಯಬೇಕಾಯ್ತು. ಕೆಲವೇ ನಿಮಿಷದಲ್ಲಿ ಕೊಂಬೆ ಹಗ್ಗದಲ್ಲಿ ತೂಗಾಡ್ತಿತ್ತು. ಒಂದು ಹೆಂಚೂ ಒಡೀಲಿಲ್ಲ.

ಮರದ ಬುಡಕ್ಕೆ ಅಂಟಿ ಉಳಿದ ಮೋಟನ್ನ ಕೊನೆಗೆ ತೆಗೆದೆವು. ಕಾಂಡಕ್ಕೆ ಸಮ ಮಾಡಿ ಕೆರೆಯಬಾರದು. ಕೊಂಬೆ ಬುಡದಲ್ಲಿ ಉಂಗುರದ ಥರ ಒಂದು ಉಬ್ಬು ಇರತ್ತೆ, ಗಾಯ ಮುಚ್ಚೋದು ಅದೇ. ಅದನ್ನ ಬಿಟ್ಟು ಆಚೆಗೆ ಕೊಯ್ಯಬೇಕು. ಗಾಳಿಗೆ ಸೀಳಿದ್ದ ಕಡೆ ಜೋತಾಡೋ ಸಿಬಿರು ತೆಗೆದು, ಅಪ್ಪ ಮೈಲುತುತ್ತ ಸುಣ್ಣ ಕಲಸಿದ ಬೋರ್ಡೊ ಪೇಸ್ಟ್ ಬಳಿದ್ರು. ಮಾವಿನ ಸೊನೆ ಮೈಗೆ ತಾಗಿದರೆ ಕೆಲವರಿಗೆ ಗುಳ್ಳೆ ಏಳತ್ತೆ, ಕೆಲಸ ಆದ ತಕ್ಷಣ ಸೋಪು ಹಾಕಿ ತೊಳ್ಕೊಳ್ಳಿ. ಬ್ಲೇಡನ್ನೂ ಒರೆಸಿಡಿ, ಆದರೆ ತಕ್ಷಣ ಬೇಡ. ಈಗತಾನೆ ನಿಂತ ಬ್ಲೇಡ್ ಸುಡ್ತಿರತ್ತೆ.

ಮಾಗಡಿಯಲ್ಲಿ ಮಿಂಚಿದ ಟೆಸ್ಟರ್

ಅದಾಗಿ ಒಂದು ತಿಂಗಳಿಗೆ ಮಾಗಡಿಯಲ್ಲಿ ಅತ್ತೆಯ ಹಳೇ ಹೆಂಚಿನ ಮನೆ ಬಿಚ್ಚೋ ಕೆಲಸ. ಹೆಂಚು, ತೊಲೆ ಎಲ್ಲ ಇಳಿಸೋಕೆ ಮೇಸ್ತ್ರಿ ಇದ್ರು. ಭಾರ ಹೊತ್ತಿರೋ ಮರವನ್ನ ನಾವು ನೀವು ಮುಟ್ಟಬಾರದು. ನನ್ನ ಕೆಲಸ ಒಂದೇ, ಮುಂಬಾಗಿಲಿನ ಚೌಕಟ್ಟನ್ನ ಒಡೆಯದ ಹಾಗೆ ಬಿಡಿಸೋದು. ಹೊಸ ಮನೆಗೂ ಅದೇ ಬಾಗಿಲು ಬೇಕು ಅಂತ ಅತ್ತೆ ಹಟ.

ಇಂಥ ಕೆಲಸಕ್ಕೆ ಈ ಮೆಷಿನ್ ಹೇಳಿ ಮಾಡಿಸಿದ್ದು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೆಳು ಬೈಮೆಟಲ್ ಬ್ಲೇಡ್ ತೂರಿಸಿ, ಹಿಡಿದಿರೋ ಕಬ್ಬಿಣದ ಪಟ್ಟಿ, ಮೊಳೆಗಳನ್ನ ಕೊಯ್ದರೆ ಚೌಕಟ್ಟು ಇಡಿಯಾಗಿ ಈಚೆ ಬರತ್ತೆ. ಕಬ್ಬಿಣಕ್ಕೆ ವೇಗ ಕಡಿಮೆ. ಆರ್ಬಿಟಲ್ ಸ್ವಿಚ್ ಇದ್ದರೆ ಆಫ್, ಅದು ಮರಕ್ಕೆ ಮಾತ್ರ. ನಮ್ಮ ಕಡೆ ಹಳೇ ಮನೆಗಳಲ್ಲಿ ಗೋಡೆ ಒಳಗೆ ಕಲ್ಲುಚಪ್ಪಡಿ, ಕಲ್ಲುಕಂಬ ಸಾಮಾನ್ಯ. ತುದಿ ಅದಕ್ಕೆ ಹೊಡೆದರೆ ಹಲ್ಲು ನುಣ್ಣಗಾಗತ್ತೆ. ಮೊದಲು ಒಂದು ತೆಳು ಕಂಬಿ ತೂರಿಸಿ ಒಳಗೆ ಏನಿದೆ, ಎಷ್ಟು ಆಳ ಅಂತ ನೋಡ್ಕೊಂಡೆ.

ಬಾಗಿಲ ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇತ್ತು. ಮೈನ್ ಆಫ್ ಮಾಡಿದ್ದೆ. ಫ್ಯಾನ್ ನಿಂತಿತ್ತು. ಆದರೂ ಅಪ್ಪನ ಪ್ರಶ್ನೆ ನೆನಪಾಗಿ ಟೆಸ್ಟರ್ ಇಟ್ಟು ನೋಡಿದೆ. ಒಂದು ಪಾಯಿಂಟಲ್ಲಿ ದೀಪ ಹತ್ತಿತು.

ಇನ್ವರ್ಟರ್! ಮೈನ್ ಆಫ್ ಮಾಡಿದ ಕೂಡಲೇ ಅದು ಕರೆಂಟ್ ಹೋಯ್ತು ಅಂದ್ಕೊಂಡು ತನ್ನ ಲೈನಿಗೆ ವಿದ್ಯುತ್ ಕೊಡೋಕೆ ಶುರು ಮಾಡಿತ್ತು. ಅದು ಕೆಲಸ ಮಾಡೋದೇ ಹಾಗೆ. ನಮ್ಮ ಮನೆಗಳಲ್ಲಿ ಈಗ ಇನ್ವರ್ಟರ್, ಕೆಲವು ಕಡೆ ಸೋಲಾರ್, ಎರಡೂ ಇರತ್ತೆ. ಮೈನ್ ಇಳಿಸೋದು ಮಾತ್ರ ಸಾಲದು. ಇನ್ವರ್ಟರ್ ಕೂಡ ಆಫ್ ಮಾಡಿಸಿ, ಆಮೇಲೆ ಟೆಸ್ಟರ್. ಆ ಟೆಸ್ಟರನ್ನೂ ಮೊದಲು ಕರೆಂಟ್ ಇರೋ ಕಡೆ ಇಟ್ಟು ದೀಪ ಹತ್ತತ್ತೆ ಅಂತ ನೋಡಿಕೊಂಡಿರಬೇಕು. ಗೋಡೆ ಕೊಯ್ಯೋದಾದರೆ ಒಬ್ಬ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲಿ. ಕಂಬದಿಂದ ಬಂದ ಸರ್ವಿಸ್ ವೈರ್ ಹತ್ತಿರದ ಕೆಲಸ, ತಂತಿ ಮೇಲೆ ಬಿದ್ದ ಕೊಂಬೆ, ಇವು ನಮ್ಮವಲ್ಲವೇ ಅಲ್ಲ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ದೂರ ನಿಲ್ಲಿ.

ಹಿಂದಿನ ಬಚ್ಚಲಮನೆಗೆ ಹಳೇ ಸಿಮೆಂಟ್ ಶೀಟ್ ಹೊದಿಸಿದ್ರು. ಅದನ್ನೂ ಕೊಯ್ದುಬಿಡೋಣ ಅಂದ್ರು ಯಾರೋ. ಬೇಡ ಅಂದೆ. ಹಳೇ ಶೀಟಲ್ಲಿ ಕಲ್ನಾರು ಇರತ್ತೆ. ಕೊಯ್ದಾಗ ಏಳೋ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಹುದು. ಮೇಸ್ತ್ರಿ ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡೀ ಇಡೀ ಶೀಟ್ ಇಳಿಸಿದ್ರು.

ಚನ್ನಪಟ್ಟಣದಲ್ಲಿ ಗ್ಲೌಸ್ ಪಾಠ

ಉಳಿದ ಪ್ರಶ್ನೆ, ಏನು ಹಾಕ್ಕೋಬೇಕು? ಕನ್ನಡಕ ಕಡ್ಡಾಯ. ಓದೋ ಕನ್ನಡಕ ಅಲ್ಲ, ಬದಿ ಮುಚ್ಚೋ ಸೇಫ್ಟಿ ಗಾಗಲ್. ಕಿವಿಗೆ ಇಯರ್‌ಪ್ಲಗ್, ಅಂದ್ರೆ ಹಾಡು ಕೇಳೋ ಇಯರ್‌ಬಡ್ ಅಲ್ಲ. ಕಾಲಿಗೆ ಚಪ್ಪಲಿ ಬೇಡ, ಶೂ. ದುಪಟ್ಟಾ ತೆಗೆದಿಡಿ, ಕೂದಲು ಕಟ್ಟಿ.

ಗ್ಲೌಸ್ ವಿಷಯದಲ್ಲಿ ಗೊಂದಲ ಇತ್ತು. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋ ಪರಿಚಯದವರೊಬ್ಬರು ಇದ್ದಾರೆ. ಒಣಗಿಸಿದ ಆಲೆ ಮರವನ್ನ ಲೇತ್ ಮೇಲೆ ತಿರುಗಿಸಿ, ಉಳಿ ಹಿಡಿದು ಆಕಾರ ಕೊಟ್ಟು, ಅರಗಿನ ಬಣ್ಣ ಹಚ್ಚಿ, ಗರಿಯಲ್ಲಿ ಉಜ್ಜಿ ಹೊಳಪು ತರ್ತಾರೆ. ಅವರ ಕೈಯಲ್ಲಿ ಗ್ಲೌಸ್ ಇಲ್ಲ, ಉಂಗುರ ಇಲ್ಲ, ತೋಳು ಮಡಚಿದೆ. "ತಿರುಗೋ ಮೆಷಿನ್ ಹತ್ರ ಗ್ಲೌಸ್ ಹಾಕಿದ್ರೆ ಬಟ್ಟೆ ಜೊತೆ ಬೆರಳನ್ನೂ ಎಳ್ಕೊಳ್ತದೆ ಕಣಮ್ಮ" ಅಂದ್ರು.

ನಮ್ಮ ಗರಗಸ ತಿರುಗಲ್ಲ, ಹಿಂದೆ ಮುಂದೆ ಹೋಗತ್ತೆ. ಹಾಗಾಗಿ ಇದಕ್ಕೆ ಕೈಗೆ ಬಿಗಿಯಾಗಿ ಕೂರೋ ಗ್ಲೌಸ್ ಒಳ್ಳೇದೇ. ಹಿಡಿತ ಸಿಗತ್ತೆ, ಸಿಬಿರು ಚುಚ್ಚಲ್ಲ. ಸಡಿಲ ಗ್ಲೌಸ್ ಮಾತ್ರ ಬೇಡ. ಲೇತ್, ಡ್ರಿಲ್ ಮುಂದೆ ಹೋದಾಗ ಬಿಚ್ಚಿಡಿ. ಆದರೆ ಯಾವ ಗ್ಲೌಸೂ ಓಡ್ತಿರೋ ಬ್ಲೇಡನ್ನ ತಡೆಯಲ್ಲ.

ನಡುಕದ ಬಗ್ಗೆಯೂ ಅವರೇ ಎಚ್ಚರಿಸಿದ್ದು. ಅರ್ಧ ಗಂಟೆ ಬಿಡದೆ ಹಿಡಿದರೆ ಬೆರಳು ಜುಮ್ ಅನ್ನತ್ತೆ. ವರ್ಷಗಟ್ಟಲೆ ಹಾಗೆ ಮಾಡೋರಿಗೆ ಬೆರಳಿನ ನರ, ರಕ್ತನಾಳಕ್ಕೇ ಹಾನಿ. ಹತ್ತು ನಿಮಿಷ ಕೆಲಸ, ಸ್ವಲ್ಪ ವಿರಾಮ. ಮೊಂಡು ಬ್ಲೇಡ್ ನಡುಕ ಜಾಸ್ತಿ ಮಾಡತ್ತೆ, ಬದಲಾಯಿಸಿ. ಅವರ ಬದುಕು ಹತ್ತು ಬೆರಳಲ್ಲಿದೆ. ಯೋಚಿಸಿದರೆ, ದಿನವಿಡೀ ಕೀಬೋರ್ಡ್ ಕುಟ್ಟೋ ನಮ್ಮದೂ ಅಲ್ಲೇ ಇದೆ.

ಎಲ್ಲದಕ್ಕೂ ಇದೇ ಅಲ್ಲ

ಹುಮ್ಮಸ್ಸಲ್ಲಿ ಹಿಪ್ಪುನೇರಳೆ ಕಡ್ಡಿಯನ್ನೂ ಇದರಲ್ಲೇ ಕೊಯ್ದು ನೋಡಿದೆ. ಸೋತೆ. ತೆಳು ಕಡ್ಡಿ ಬ್ಲೇಡ್ ಜೊತೆಗೇ ಅಲ್ಲಾಡತ್ತೆ, ತೊಗಟೆ ಸುಲಿಯತ್ತೆ, ಬುಡ ಸೀಳತ್ತೆ. ಬುಡ ಸೀಳಿದರೆ ಮುಂದಿನ ಚಿಗುರು ಸರಿಯಾಗಿ ಬರಲ್ಲ. ಅದಕ್ಕೆ ಕತ್ತರಿಯೇ ಸರಿ. ಇನ್ನು ಇಡೀ ಮರ ಉರುಳಿಸೋದು ನುರಿತವರ ಕೆಲಸ. ಅದಕ್ಕೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಜಮೀನಿನ ಮರಕ್ಕೂ ಅನುಮತಿ ಬೇಕಾಗಬಹುದು.

ಟ್ರಿಗರ್ ಒತ್ತೋ ಮುಂಚೆ ನಾನು ಈಗ ನೋಡೋದು ಇಷ್ಟು. ಫೋನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

• ಆ ಕಡೆ ಹೋಗಿ ನೋಡಿದೆನಾ? ಗೋಡೆ, ವೈರು, ಪೈಪು, ಕಲ್ಲು, ಯಾರದಾದರೂ ಕೈ?
• ಬ್ಲೇಡ್ ಉದ್ದ, ಹಲ್ಲು ಈ ಕೆಲಸಕ್ಕೆ ಸರಿಯಾಗಿದೆಯಾ?
• ಕೊಯ್ಯೋ ವಸ್ತು ಅಲ್ಲಾಡದ ಹಾಗೆ ಇದೆಯಾ? ತುಂಡಾದ ಮೇಲೆ ಎಲ್ಲಿಗೆ ಬೀಳತ್ತೆ?
• ಶೂ ತಾಗಿದೆಯಾ? ಎರಡೂ ಕೈ ಮೆಷಿನ್ ಮೇಲೆ, ಎರಡೂ ಕಾಲು ನೆಲದ ಮೇಲೆ ಇದೆಯಾ?
• ಬ್ಲೇಡ್ ಬದಲಾಯಿಸುವಾಗ, ಸಿಕ್ಕಿಕೊಂಡಾಗ, ಕೆಳಗಿಡುವಾಗ ಬ್ಯಾಟರಿ ತೆಗೆದೆನಾ?
• ಪಕ್ಕದಲ್ಲಿ ಇನ್ನೊಬ್ಬರು ಇದ್ದಾರಾ? ಕೊಯ್ದುಕೊಂಡರೆ ಶುಭ್ರ ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡೋರು ಬೇಕು.

ಆ ಸಲದ ಹುಳು ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಿದವು. ಸೊಟ್ಟಗಾದ ಬ್ಲೇಡನ್ನ ತಮ್ಮ ಹುಳುಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾನೆ. ಯಾಕೋ ಅಂತ ಕೇಳಿದರೆ, "ನೀನು ಮೆಷಿನ್ ತಗೊಂಡು ಹೋಗೋವಾಗ ಕಣ್ಣಿಗೆ ಬೀಳಲಿ ಅಂತ" ಅಂದ. ಬೀಳತ್ತೆ. ಅದನ್ನ ನೋಡಿದಾಗಲೆಲ್ಲ ಒಂದು ಸಲ ಆ ಕಡೆ ಹೋಗಿ ನೋಡಿಬಂದೇ ಟ್ರಿಗರ್ ಒತ್ತೋದು.